ಆಡೋದಕ್ಕೆ ದುಡ್ಡು ಕೇಳಿದ ಸುಜಾನ್

1926ರ ಅಕ್ಟೋಬರ್ 9. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಒಳಾಂಗಣದಲ್ಲಿ ವೃತ್ತಿಪರ ಟೆನಿಸ್. ಗಂಡಸರೂ ಆಡಿದರು, ಹೆಂಗಸರೂ ಆಡಿದರು. ಆದರೆ ಸುಮಾರು 13,000 ಜನ ಟಿಕೆಟ್ ಕೊಂಡು ಬಂದಿದ್ದು ಮುಖ್ಯವಾಗಿ ಒಬ್ಬಳನ್ನು ನೋಡೋಕೆ: ಸುಜಾನ್ ಲೆಂಗ್ಲೆನ್.

1899ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ ಹುಡುಗಿ. ಅಪ್ಪ ಕೋರ್ಟಿನಲ್ಲಿ ಕರವಸ್ತ್ರ ಹಾಸಿ, ಚೆಂಡು ಅದರ ಮೇಲೇ ಬೀಳಬೇಕು ಅಂತ ಪಳಗಿಸಿದ. 1919ರ ವಿಂಬಲ್ಡನ್ ಫೈನಲ್‌ನಲ್ಲಿ ಎರಡು ಮ್ಯಾಚ್ ಪಾಯಿಂಟ್ ಉಳಿಸಿಕೊಂಡು, ಏಳು ಬಾರಿಯ ಚಾಂಪಿಯನ್ ಡೊರೊಥಿಯಾ ಲ್ಯಾಂಬರ್ಟ್ ಚೇಂಬರ್ಸ್‌ರನ್ನು ಸೋಲಿಸಿದಳು. ಗಿಡ್ಡ ತೋಳು, ಮೊಣಕಾಲ ಕೆಳಗಷ್ಟೇ ಇಳಿಯುವ ಲಂಗ ತೊಟ್ಟು ಆಡಿದ್ದಕ್ಕೆ ಸಂಪ್ರದಾಯಸ್ಥರು ಹುಬ್ಬೇರಿಸಿದರು. ಆಕೆ ಒಟ್ಟು ಆರು ವಿಂಬಲ್ಡನ್ ಸಿಂಗಲ್ಸ್ ಗೆದ್ದಳು. 1920ರ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ.

ಇಷ್ಟೆಲ್ಲಾ ಗೆದ್ದರೂ ಬಹುಮಾನದ ಹಣ? ಸೊನ್ನೆ. ಆಗಿನ ದೊಡ್ಡ ಟೂರ್ನಿಗಳು ಹವ್ಯಾಸಿಗಳಿಗೆ ಮಾತ್ರ. ಟಿಕೆಟ್ ಮಾರಿದ ದುಡ್ಡು ಕ್ಲಬ್‌ಗಳಿಗೆ, ಆಡಿದವರಿಗೆ ಕಪ್ಪು ಮತ್ತು ಚಪ್ಪಾಳೆ. ಮನೆಯಲ್ಲಿ ಆಸ್ತಿ ಇದ್ದವರಿಗೆ ಇದು ಶುದ್ಧ ಕ್ರೀಡಾಪ್ರೇಮ. ಇಲ್ಲದವರಿಗೆ ಬಿಟ್ಟಿ ದುಡಿಮೆ.

1926ರ ವಿಂಬಲ್ಡನ್‌ನಲ್ಲಿ ವೇಳಾಪಟ್ಟಿಯ ಗೊಂದಲದಿಂದ ರಾಣಿ ಮೇರಿ ಕಾಯುವಂತಾಯ್ತು. ಪತ್ರಿಕೆಗಳು ಸುಜಾನ್ ಮೇಲೆ ಮುಗಿಬಿದ್ದವು. ಆಕೆ ಟೂರ್ನಿಯಿಂದಲೇ ಹೊರನಡೆದಳು. ಆಮೇಲೆ ಅಮೆರಿಕದ ಸಂಘಟಕ ಸಿ.ಸಿ. ಪೈಲ್ ಜೊತೆ ಒಪ್ಪಂದ ಮಾಡಿಕೊಂಡಳು. ಮೊತ್ತ 50,000 ಡಾಲರ್ ಅಂತ ಆಗ ವರದಿಯಾಗಿತ್ತು. ಆ ಪ್ರವಾಸದಲ್ಲಿ ಮೇರಿ ಬ್ರೌನ್ ವಿರುದ್ಧ ಆಡಿದ 38 ಪಂದ್ಯಗಳನ್ನೂ ಆಕೆಯೇ ಗೆದ್ದಳು.

ಬೆಲೆಯನ್ನೂ ತೆತ್ತಳು. ವಿಂಬಲ್ಡನ್ ಕ್ಲಬ್ಬು ಆಕೆಯ ಗೌರವ ಸದಸ್ಯತ್ವ ಕಿತ್ತುಕೊಂಡಿತು, ದೊಡ್ಡ ಟೂರ್ನಿಗಳ ಬಾಗಿಲು ಮುಚ್ಚಿತು. ಸುಜಾನ್ ಸುಮ್ಮನಾಗಲಿಲ್ಲ. ಆಟಗಾರರಿಂದ ಲಕ್ಷಗಟ್ಟಲೆ ಗಳಿಸುವವರು ಅವರಿಗೆ ಮಾತ್ರ ಬಿಡಿಗಾಸು ಕೊಡದ ಈ ಪದ್ಧತಿ ನ್ಯಾಯವೇ ಅಂತ ಬಹಿರಂಗವಾಗಿಯೇ ಕೇಳಿದಳು. ಆಮೇಲೆ ಪ್ಯಾರಿಸ್‌ನಲ್ಲಿ ಮಕ್ಕಳಿಗೆ ಟೆನಿಸ್ ಕಲಿಸಿದಳು. 1938ರ ಜುಲೈ 4ರಂದು ತೀರಿಕೊಂಡಾಗ ವಯಸ್ಸು ಬರೀ 39.

ವಿಂಬಲ್ಡನ್ ವೃತ್ತಿಪರರಿಗೆ ತೆರೆದುಕೊಂಡಿದ್ದು 1968ರಲ್ಲಿ. ಆಗಲೂ ಪುರುಷ ವಿಜೇತನಿಗೆ 2,000 ಪೌಂಡ್, ಮಹಿಳೆಗೆ 750. ಸಮಾನ ಬಹುಮಾನ ಬರೋಕೆ 2007 ಆಗಬೇಕಾಯ್ತು. ಇವತ್ತು ಫ್ರೆಂಚ್ ಓಪನ್‌ನ ಎರಡನೇ ದೊಡ್ಡ ಕೋರ್ಟಿಗೆ ಸುಜಾನ್ ಹೆಸರಿದೆ.

ಅನುಭವ ಸಿಗುತ್ತಲ್ಲ, ಸಂಬಳ ಯಾಕೆ ಅನ್ನೋ ಇಂಟರ್ನ್‌ಶಿಪ್ ನಿಮಗೂ ಎದುರಾಗಿರಬಹುದು. ಪ್ರೀತಿಯಿಂದ ಮಾಡಿ ಅಂತ ಯಾರಾದರೂ ಹೇಳಿದಾಗ, ಟಿಕೆಟ್ ಕೌಂಟರ್‌ನಲ್ಲಿ ಕೂತಿರೋದು ಯಾರು ಅಂತ ಒಮ್ಮೆ ನೋಡಿ.