ಶುಶ್ರೂಷಾಚಾರ್ಯೆ ಫ್ಲಾರೆನ್ಸ್ ನೈಟಿಂಗೇಲ್

ರೋಗಿಯ ನರಳಾಟವನ್ನು ಕಂಡು ಕರಗದ ಹೃದಯವು ವಿರಳ. ಕರಗಿದ ಹೃದಯಕ್ಕೆ ತಕ್ಕಂತೆ ದುಡಿಯಬಲ್ಲ ಕೈಗಳು ಅದಕ್ಕಿಂತಲೂ ವಿರಳ. ಕನಿಕರವು ಹುಟ್ಟಿನಿಂದ ಬರಬಹುದು. ಶುಶ್ರೂಷೆಯಾದರೋ ಬೋಧೆಯಿಂದಲೂ ಅಭ್ಯಾಸದಿಂದಲೂ ಬರತಕ್ಕ ವಿದ್ಯೆ. ಈ ತತ್ತ್ವವನ್ನು ಕಷ್ಟದಿಂದ ಅರಿತು, ಆ ವಿದ್ಯೆಗೊಂದು ಪಾಠಶಾಲೆಯನ್ನು ಏರ್ಪಡಿಸಿದ ಪುಣ್ಯವತಿಯು ಆಂಗ್ಲದೇಶದ ಫ್ಲಾರೆನ್ಸ್ ನೈಟಿಂಗೇಲ್.

ಈಕೆಯು 1820ನೆಯ ಇಸವಿ ಮೇ 12ನೆಯ ದಿನ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಜನಿಸಿದಳು. ಹುಟ್ಟಿದ ಊರಿನ ಹೆಸರೇ ಆಕೆಯ ನಾಮಧೇಯವಾಯಿತು. ಸಿರಿವಂತನೂ ವಿದ್ಯಾಪ್ರಿಯನೂ ಆದ ತಂದೆಯು ಗ್ರೀಕ್, ಲ್ಯಾಟಿನ್ ಭಾಷೆಗಳನ್ನು ತಾನೇ ಮಗಳಿಗೆ ಕಲಿಸಿದನು. 1837ರಲ್ಲಿ, ಹದಿನಾರರ ಪ್ರಾಯದಲ್ಲಿ, ಭಗವಂತನು ತನ್ನನ್ನು ಸೇವೆಗೆ ಕರೆದನೆಂಬ ನಂಬಿಕೆಯು ಆಕೆಯ ಮನಸ್ಸಿನಲ್ಲಿ ನೆಲೆಗೊಂಡಿತು. ಆದರೆ 1845ರಲ್ಲಿ ಸಾಲಿಸ್‌ಬರಿಯ ಆಸ್ಪತ್ರೆಯಲ್ಲಿ ಕೆಲಸ ಕಲಿಯಲು ಅಪೇಕ್ಷಿಸಿದಾಗ ಮನೆಯವರು ಸಮ್ಮತಿಸಲಿಲ್ಲ. ಆಗಿನ ದಾದಿಯರು ಶಿಕ್ಷಣವಿಲ್ಲದವರು. ಕುಡುಕರೆಂಬ ಅಪಕೀರ್ತಿಯೂ ಅವರಿಗಿತ್ತು. ಕುಲೀನ ಕನ್ಯೆಗೆ ಅದು ತಕ್ಕ ವೃತ್ತಿಯಲ್ಲವೆಂಬುದು ಲೋಕದ ಅಭಿಪ್ರಾಯವಾಗಿತ್ತು. ಆಕೆಯು ಧೈರ್ಯಗೆಡದೆ 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತಿಗೆ ಹೋಗಿ, ಪಾದ್ರಿ ಫ್ಲೀಡ್ನರನ ಆಶ್ರಮದಲ್ಲಿ ಸುಮಾರು ಮೂರು ತಿಂಗಳು ಅಭ್ಯಾಸ ಮಾಡಿದಳು.

1854ರಲ್ಲಿ ಕ್ರಿಮಿಯದ ಯುದ್ಧದ ಗಾಯಾಳುಗಳ ದುರವಸ್ಥೆಯು ಲಂಡನ್ನಿಗೆ ತಿಳಿಯಿತು. ಮಂತ್ರಿ ಸಿಡ್ನಿ ಹರ್ಬರ್ಟನ ಬಿನ್ನಹದಂತೆ ಆಕೆಯು 38 ಮಂದಿ ಸ್ತ್ರೀಯರೊಡನೆ ಹೊರಟು, ನವೆಂಬರ್ 4ರಂದು ತುರ್ಕಸ್ತಾನದ ಸ್ಕುಟಾರಿಯನ್ನು ಸೇರಿದಳು. ಅಡಿಗೆ, ಅಗಸಗೆಲಸ, ಹಾಸಿಗೆ, ಬಟ್ಟೆಗಳೆಲ್ಲಕ್ಕೂ ವ್ಯವಸ್ಥೆ ಮಾಡಿದಳು. ಇರುಳಲ್ಲಿ ದೀಪ ಹಿಡಿದು ಒಬ್ಬೊಬ್ಬರನ್ನೂ ವಿಚಾರಿಸಿದಳು. ಇಷ್ಟಾದರೂ ಆ ಚಳಿಗಾಲದಲ್ಲಿ ಸಾವು ಇಳಿಯಲಿಲ್ಲ, ಏರಿತು. 1855ರ ಮಾರ್ಚಿಯಲ್ಲಿ ಬಂದ ಆರೋಗ್ಯ ಮಂಡಲಿಯವರು ಕಟ್ಟಡದಡಿಯ ಕೊಳಚೆಯನ್ನು ತೆಗೆಯಿಸಿ ಗಾಳಿಗೆ ದಾರಿ ಮಾಡಿದ ಮೇಲೆಯೇ ಸಾವು ಬಹುವಾಗಿ ತಗ್ಗಿತು. 1856ರಲ್ಲಿ ಸ್ವದೇಶಕ್ಕೆ ಮರಳಿ, ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರನೊಡನೆ ಲೆಕ್ಕಗಳನ್ನು ಪರಿಶೋಧಿಸಿದಾಗ, ಗಾಯಗಳಿಗಿಂತ ಕೊಳೆಯಿಂದ ಹಬ್ಬಿದ ರೋಗಗಳೇ ಬಹುಜನರನ್ನು ಕೊಂದುವೆಂಬುದು ಆಕೆಗೆ ನಿಶ್ಚಯವಾಯಿತು. ಜನರು ತನ್ನನ್ನು ದೇವತೆಯೆಂದು ಕೊಂಡಾಡುತ್ತಿದ್ದಾಗಲೇ, ಅರಿವಿಲ್ಲದ ಭಕ್ತಿಯು ಪ್ರಾಣವನ್ನು ಉಳಿಸಲಾರದೆಂಬ ಕಠೋರ ಸತ್ಯವನ್ನು ಆಕೆಯು ಒಪ್ಪಿಕೊಂಡಳು.

ಯುದ್ಧಕಾಲದಲ್ಲಿ ಕೃತಜ್ಞರಾದ ಜನರು ಕೂಡಿಸಿದ್ದ 44,000 ಪೌಂಡುಗಳಿಗೂ ಮೀರಿದ ನಿಧಿಯನ್ನು ಆಕೆಯು ತನಗಾಗಿ ಮುಟ್ಟದೆ ವಿದ್ಯಾದಾನಕ್ಕೆ ತೆಗೆದಿಟ್ಟಳು. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 15 ಮಂದಿ ವಿದ್ಯಾರ್ಥಿನಿಯರೊಡನೆ ಶುಶ್ರೂಷಾ ಪಾಠಶಾಲೆಯು ಆರಂಭವಾಯಿತು. ಮೇಟ್ರನ್ ವಾರ್ಡ್‌ರೋಪರಮ್ಮನು ಅದರ ಮೇಲ್ವಿಚಾರಕಿ. ಶಿಕ್ಷಣವು ಒಂದು ವರ್ಷ. ಊಟ, ವಸತಿ ಶಾಲೆಯವೇ. ಪಾಠವು ರೋಗಿಯ ಹಾಸಿಗೆಯ ಬಳಿಯಲ್ಲಿಯೇ ನಡೆಯುತ್ತಿತ್ತು. ಗಾಯ ತೊಳೆದು ಪಟ್ಟಿ ಕಟ್ಟುವುದು, ಜಿಗಣೆ ಹಚ್ಚುವುದು, ಬಸ್ತಿ ಕೊಡುವುದು, ಶಸ್ತ್ರಚಿಕಿತ್ಸೆಯ ವೇಳೆ ಒದಗಿ ನಿಲ್ಲುವುದು, ಪಥ್ಯದ ಅಡಿಗೆ—ಇವೆಲ್ಲವನ್ನೂ ಕಲಿಯಬೇಕಾಗಿತ್ತು. ಏಳಲಾರದ ರೋಗಿಯನ್ನು ನೋಯಿಸದೆ ಹೊರಳಿಸಿ, ಶುಚಿಗೊಳಿಸಿ, ಉಣ್ಣಿಸಿ, ಬೆಚ್ಚಗಿರಿಸಿ, ಬೆನ್ನಿಗೆ ಹುಣ್ಣಾಗದಂತೆ ಕಾಯುವುದು ಮುಖ್ಯ ಪಾಠ. ಅದಕ್ಕೂ ಮಿಗಿಲಾದುದು ನೋಡುವ ಕಣ್ಣು: ನಾಡಿ, ಉಸಿರು, ಚರ್ಮ, ನಿದ್ರೆ, ಹಸಿವು, ಮನಸ್ಸಿನ ಭ್ರಮೆ, ಗಾಯದ ಸ್ಥಿತಿ, ಔಷಧದ ಪರಿಣಾಮ ಇವುಗಳನ್ನು ಗುರುತಿಸಿ ವೈದ್ಯನಿಗೆ ಸರಿಯಾಗಿ ತಿಳಿಸಬೇಕು. ಪ್ರತಿಯೊಬ್ಬಳ ಕೈಚಳಕದೊಡನೆ ಸತ್ಯಸಂಧತೆ, ಶಾಂತಿ, ಸಮಯಪಾಲನೆಗಳನ್ನೂ ಮೇಟ್ರನ್ನಳು ತಿಂಗಳು ತಿಂಗಳೂ ದಾಖಲೆ ಮಾಡುತ್ತಿದ್ದಳು.

ಇಷ್ಟರಲ್ಲಿ ನೈಟಿಂಗೇಲಳೇ ರೋಗಪೀಡಿತಳಾಗಿ ಬಹುಕಾಲ ಹಾಸಿಗೆ ಹಿಡಿದಿದ್ದಳು. ಲೇಖನಿಯೇ ಆಕೆಯ ಕೈಯಾಯಿತು. ಭರತಖಂಡವನ್ನು ಕಾಣದಿದ್ದರೂ ಇಲ್ಲಿಯ ಸೈನ್ಯದ ಆರೋಗ್ಯವನ್ನು ಕುರಿತ 1863ರ ವರದಿಗಾಗಿ ಬಹಳ ಶ್ರಮಿಸಿದಳು. 1870ರ ಬಳಿಕ ತನ್ನ ಶಾಲೆಯಲ್ಲಿ ಬೋಧನೆಯು ಸಡಿಲವಾದುದನ್ನು ತಿಳಿದು, ಕೀರ್ತಿಗೆ ಕುಂದೆಂದು ಮುಚ್ಚಿಡದೆ, ಉಪನ್ಯಾಸಗಳನ್ನು ಬಿಗಿಗೊಳಿಸಿದಳು. 1872ರಿಂದ ವಿದ್ಯಾರ್ಥಿನಿಯರಿಗೆ ಹಿತೋಪದೇಶದ ಪತ್ರಗಳನ್ನು ಬರೆಯತೊಡಗಿದಳು. ಶಿಷ್ಯೆಯರಲ್ಲಿ ಆಗ್ನೆಸ್ ಜೋನ್ಸಳು ಲಿವರ್‌ಪೂಲಿನ ದರಿದ್ರರ ಆಸ್ಪತ್ರೆಯಲ್ಲಿ ಸೇವೆಗೈಯುತ್ತಲೇ 1868ರಲ್ಲಿ ಟೈಫಸ್ ಜ್ವರಕ್ಕೆ ತುತ್ತಾದಳು. ಅದೇ ವರ್ಷ ಲೂಸಿ ಆಸ್ಬರ್ನಳು ಐವರು ಸಂಗಡಿಗರೊಡನೆ ಆಸ್ಟ್ರೇಲಿಯದ ಸಿಡ್ನಿಗೆ ಈ ವಿದ್ಯೆಯನ್ನು ಕೊಂಡೊಯ್ದಳು.

1907ರಲ್ಲಿ ಆರ್ಡರ್ ಆಫ್ ಮೆರಿಟ್ ಎಂಬ ರಾಜಸನ್ಮಾನವು ಸ್ತ್ರೀಯರಲ್ಲಿ ಮೊದಲು ಈಕೆಗೇ ಸಂದಿತು. 1910ನೆಯ ಇಸವಿ ಆಗಸ್ಟ್ 13ರಂದು, ತೊಂಬತ್ತರ ವಯಸ್ಸಿನಲ್ಲಿ ದೇಹಬಿಟ್ಟಳು. ವೆಸ್ಟ್‌ಮಿನ್‌ಸ್ಟರ್ ಆಬೆಯಲ್ಲಿ ಸಮಾಧಿಯ ಗೌರವವನ್ನು ಬಂಧುಗಳು ಒಲ್ಲೆನೆಂದರು. ಈಸ್ಟ್ ವೆಲ್ಲೋ ಗ್ರಾಮದ ಸಮಾಧಿಯ ಮೇಲೆ ಆಕೆಯ ಹೆಸರೂ ಪೂರ್ಣವಾಗಿಲ್ಲ. ಎರಡು ಮೊದಲಕ್ಷರಗಳೂ ಜನನ ಮರಣಗಳ ಕಾಲವೂ ಮಾತ್ರ ಇವೆ. ಆದರೆ ಎಲ್ಲಿ ಕಲಿತ ಕೈಯೊಂದು ನಡುರಾತ್ರಿಯಲ್ಲಿ ರೋಗಿಯ ನಾಡಿಯನ್ನು ಹಿಡಿದು ಎಚ್ಚರದಿಂದ ಕುಳಿತಿರುವುದೋ ಅಲ್ಲಿ ಆಕೆಯ ಹೆಸರು ಪೂರ್ಣವಾಗಿಯೇ ಬರೆಯಲ್ಪಟ್ಟಿದೆ.