ಜಾವಾ ಬೈಕಿಗೆ ಆ ಹೆಸರು ಜಾವಾ ದ್ವೀಪದಿಂದ ಬಂತೇ? ಕಂಪನಿಯನ್ನು ಉಳಿಸಿದ ಚಿಕ್ಕ ಬೈಕಿನ ಕಥೆ

ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆ ಹಳೆಯ ಜಾವಾ ಗಾಡಿ ರಸ್ತೆಗಿಳಿದರೆ ಈಗಲೂ ಜನ ತಿರುಗಿ ನೋಡುತ್ತಾರೆ. ಅದರ ಸದ್ದೇ ಹಾಗೆ. ಆ ಗಾಡಿಯ ಜೊತೆಗೆ ಕೆಲವು ನಂಬಿಕೆಗಳೂ ಓಡಾಡುತ್ತಿರುತ್ತವೆ. ಜಾವಾ ಎಂಬುದು ಇಂಡೋನೇಷ್ಯಾದ ದ್ವೀಪದ ಹೆಸರು, ಎರಡು ಸೈಲೆನ್ಸರ್ ಇದೆ ಎಂದರೆ ಎರಡು ಸಿಲಿಂಡರ್ ಇದೆ, ಪೆಟ್ರೋಲಿಗೆ ಆಯಿಲ್ ಜಾಸ್ತಿ ಹಾಕಿದಷ್ಟೂ ಇಂಜಿನ್ ಗಟ್ಟಿ. ಈ ಮೂರೂ ತಪ್ಪು. ಯಾಕೆ ಎಂದು ತಿಳಿಯಲು ಈ ಬೈಕನ್ನು ಹುಟ್ಟುಹಾಕಿದ ವ್ಯಕ್ತಿಯ ಬದುಕನ್ನು ನಾವು ನೋಡಬೇಕು.

ಯಾರು ಈ ಯಾನೆಚೆಕ್?

ಫ್ರಾಂಟಿಶೆಕ್ ಯಾನೆಚೆಕ್ ಹುಟ್ಟಿದ್ದು 1878ರ ಜನವರಿ 23ರಂದು, ಇಂದಿನ ಜೆಕ್ ದೇಶದ ಒಂದು ಹಳ್ಳಿಯಲ್ಲಿ. ಪ್ರಾಗ್ ಮತ್ತು ಬರ್ಲಿನ್‌ನಲ್ಲಿ ತಾಂತ್ರಿಕ ಶಿಕ್ಷಣ ಪಡೆದರು. ಹೊಸದನ್ನು ಕಂಡುಹಿಡಿಯುವುದೇ ಅವರ ಹುಚ್ಚು. ಅವರ ಹೆಸರಿನಲ್ಲಿ ಹತ್ತಾರು ಪೇಟೆಂಟ್‌ಗಳಿದ್ದವು. ಆದರೆ ಅವರಿಗೆ ಮೊದಲು ಹಣ ತಂದುಕೊಟ್ಟದ್ದು ಬೈಕು ಅಲ್ಲ, ಆಯುಧ. ಮೊದಲ ಮಹಾಯುದ್ಧದ ಕಾಲದಲ್ಲಿ ಅವರು ಕೈಬಾಂಬ್ ವಿನ್ಯಾಸ ಮಾಡಿದ್ದರು. ಯುದ್ಧ ಮುಗಿದ ಮೇಲೆ ಸ್ವಂತ ಆಯುಧ ಕಾರ್ಖಾನೆಯನ್ನೇ ನಡೆಸಿದರು.

1920ರ ದಶಕದ ಕೊನೆಗೆ ಆಯುಧಗಳ ಬೇಡಿಕೆ ಕುಸಿಯಿತು. ಯಂತ್ರಗಳಿವೆ, ಕೆಲಸಗಾರರಿದ್ದಾರೆ, ಆದರೆ ಕೆಲಸವಿಲ್ಲ. ಬೇರೆ ಏನಾದರೂ ತಯಾರಿಸಲೇಬೇಕಿತ್ತು. ಯಾನೆಚೆಕ್ ಮೋಟಾರ್ ಸೈಕಲ್ ಆರಿಸಿಕೊಂಡರು.

ಹೆಸರು ಬಂದದ್ದು ಹೀಗೆ

ಜರ್ಮನಿಯ ಕೆಮ್ನಿಟ್ಸ್ ಊರಿನ ವಾಂಡರರ್ ಕಂಪನಿ ತನ್ನ 500 ಸಿಸಿ ಬೈಕಿನ ತಯಾರಿಕೆಯನ್ನು ಕೈಬಿಡುವುದರಲ್ಲಿತ್ತು. ಯಾನೆಚೆಕ್ ಅದರ ಹಕ್ಕು ಕೊಂಡು 1929ರಲ್ಲಿ ತಮ್ಮ ಮೊದಲ ಬೈಕನ್ನು ಹೊರತಂದರು. ತಮ್ಮ ಹೆಸರಿನ ಮೊದಲ ಎರಡು ಅಕ್ಷರ, ವಾಂಡರರ್‌ನ ಮೊದಲ ಎರಡು ಅಕ್ಷರ ಸೇರಿಸಿ ಹೆಸರಿಟ್ಟರು. ಜೆಕ್ ಭಾಷೆಯಲ್ಲಿ ಇಂಗ್ಲಿಷಿನ ಜೆ ಅಕ್ಷರವನ್ನು ಯ ಎಂದು ಓದುತ್ತಾರೆ. ಹಾಗಾಗಿ ಅವರ ಊರಿನಲ್ಲಿ ಅದು ಯಾವಾ. ನಾವು ಇಂಗ್ಲಿಷ್ ರೀತಿಯಲ್ಲಿ ಓದಿ ಜಾವಾ ಎಂದೆವು. ದ್ವೀಪಕ್ಕೂ ಇದಕ್ಕೂ ಸಂಬಂಧವಿಲ್ಲ.

ದೊಡ್ಡ ಬೈಕು ಸೋತಿತು, ಚಿಕ್ಕದು ಗೆದ್ದಿತು

ಆ 500 ಸಿಸಿ ಬೈಕು ನೋಡಲು ಭರ್ಜರಿ. ಆದರೆ ಬೆಲೆ ದುಬಾರಿ, ಇಂಜಿನ್‌ನಲ್ಲಿ ತೊಂದರೆಗಳೂ ಇದ್ದವು. ಅದೇ ವರ್ಷ ಜಗತ್ತಿನಾದ್ಯಂತ ಆರ್ಥಿಕ ಕುಸಿತ ಶುರುವಾಯಿತು. ಜನರ ಕೈಯಲ್ಲಿ ಹಣವಿಲ್ಲದಾಗ ದೊಡ್ಡ ಬೈಕು ಯಾರು ಕೊಳ್ಳುತ್ತಾರೆ?

ಯಾನೆಚೆಕ್ ಹಟ ಹಿಡಿದು ಕೂರಲಿಲ್ಲ. ಜಾರ್ಜ್ ಪ್ಯಾಚೆಟ್ ಎಂಬ ಇಂಗ್ಲಿಷ್ ವಿನ್ಯಾಸಕಾರರನ್ನು ಕರೆಸಿಕೊಂಡರು. ಇಂಗ್ಲೆಂಡಿನ ವಿಲಿಯರ್ಸ್ ಕಂಪನಿಯ ಟೂ ಸ್ಟ್ರೋಕ್ ಇಂಜಿನ್ ಹಾಕಿ 1932ರಲ್ಲಿ ಜಾವಾ 175 ತಂದರು. ತೂಕ ಸುಮಾರು 70 ಕಿಲೋ, ವೇಗ ಗಂಟೆಗೆ ಸುಮಾರು 80 ಕಿಲೋಮೀಟರ್. ಮೊದಲ ವರ್ಷದಲ್ಲೇ 3,000ಕ್ಕೂ ಹೆಚ್ಚು ಗಾಡಿ ಮಾರಾಟವಾದವು. ಕಂಪನಿ ಉಳಿಯಿತು.

ಟೂ ಸ್ಟ್ರೋಕ್ ಯಾಕೆ ಅಗ್ಗ? ಅದರಲ್ಲಿ ನಾಲ್ಕು ಸ್ಟ್ರೋಕಿನ ಇಂಜಿನ್‌ನಂತೆ ವಾಲ್ವ್‌ಗಳಿಲ್ಲ, ಬಿಡಿಭಾಗ ಕಡಿಮೆ. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಇಂಜಿನ್‌ನ ಕೆಳಭಾಗದ ಮೂಲಕವೇ ಹಾದು ಮೇಲೆ ಹೋಗುತ್ತದೆ. ಹಾಗಾಗಿ ಅಲ್ಲಿ ಆಯಿಲ್ ತುಂಬಿಡಲು ಆಗುವುದಿಲ್ಲ. ಪೆಟ್ರೋಲಿಗೇ ಆಯಿಲ್ ಬೆರೆಸಬೇಕು. ಅಳತೆ ಮೀರಿ ಹಾಕಿದರೆ ಇಂಜಿನ್ ಗಟ್ಟಿಯಾಗುವುದಿಲ್ಲ. ಸ್ಪಾರ್ಕ್ ಪ್ಲಗ್‌ಗೆ ಮಸಿ ಹಿಡಿಯುತ್ತದೆ, ಹೊಗೆ ಹೆಚ್ಚುತ್ತದೆ. ತೀರಾ ಕಡಿಮೆ ಹಾಕಿದರೂ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಕಂಪನಿ ಹೇಳಿದ ಅಳತೆಯೇ ಸರಿ.

ಯಾನೆಚೆಕ್ ಕಾಣದ ಬೈಕು

1939ರಲ್ಲಿ ಹಿಟ್ಲರನ ಸೈನ್ಯ ಜೆಕ್ ನಾಡನ್ನು ಆಕ್ರಮಿಸಿತು. ಕಾರ್ಖಾನೆ ಜರ್ಮನರ ಹಿಡಿತಕ್ಕೆ ಹೋಯಿತು. ಯುದ್ಧ ನಡೆಯುತ್ತಿರುವಾಗಲೇ, 1941ರ ಜೂನ್ 4ರಂದು ಯಾನೆಚೆಕ್ ತೀರಿಕೊಂಡರು. ಅವರ ಇಂಜಿನಿಯರುಗಳು ಜರ್ಮನರ ಕಣ್ಣು ತಪ್ಪಿಸಿ ಹೊಸ 250 ಸಿಸಿ ಬೈಕೊಂದನ್ನು ರೂಪಿಸುತ್ತಿದ್ದರು. ಯುದ್ಧದ ನಂತರ, 1946ರಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಅದಕ್ಕೆ ಚಿನ್ನದ ಪದಕ ಬಂತು. ಅಷ್ಟರಲ್ಲಿ ಕಂಪನಿ ಸರ್ಕಾರದ ಪಾಲಾಗಿತ್ತು.

ಮೈಸೂರಿಗೆ ಬಂದ ಜಾವಾ

ಆ 250 ಸಿಸಿ ಬೈಕಿನ ನಂತರದ ಪೀಳಿಗೆಯೇ ನಮ್ಮ ರಾಜ್ಯಕ್ಕೆ ಬಂದದ್ದು. ರುಸ್ತುಂ ಮತ್ತು ಫರೂಕ್ ಇರಾನಿ ಅವರ ಐಡಿಯಲ್ ಜಾವಾ ಕಂಪನಿ 1961ರಲ್ಲಿ ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ ತಯಾರಿಕೆ ಆರಂಭಿಸಿತು. 1973ರಿಂದ ಅದೇ ಕಾರ್ಖಾನೆಯ ಗಾಡಿಗಳು ಯೆಜ್ಡಿ ಹೆಸರಿನಲ್ಲಿ ಬಂದವು. ಈ 250 ಸಿಸಿ ಗಾಡಿಗೆ ಇರುವುದು ಒಂದೇ ಸಿಲಿಂಡರ್. ಆ ಒಂದು ಸಿಲಿಂಡರಿನಿಂದಲೇ ಹೊಗೆ ಹೊರಹೋಗಲು ಎರಡು ದಾರಿ. ಅದಕ್ಕೇ ಎರಡು ಸೈಲೆನ್ಸರ್.

ಇನ್ನೊಂದು ಗುಣ ನಮ್ಮ ಕರಾವಳಿಗೆ ಒಪ್ಪುವಂಥದ್ದು. ಜಾವಾದ ಚೈನ್ ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗೆ ಇರುತ್ತದೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ನದಿ. ಅಂಥ ಕಡೆ ಉಪ್ಪುಗಾಳಿ ಕಬ್ಬಿಣವನ್ನು ಬೇಗ ತಿನ್ನುತ್ತದೆ. ಮಳೆಗಾಲದ ಕೆಸರು ಬೇರೆ. ಮುಚ್ಚಿದ ಚೈನ್‌ಗೆ ಇವೆರಡರಿಂದಲೂ ರಕ್ಷಣೆ ಹೆಚ್ಚು.

ಆದರೂ ಮೈಸೂರಿನ ಕಾರ್ಖಾನೆ 1996ರಲ್ಲಿ ನಿಂತಿತು. 1980ರ ದಶಕದಲ್ಲಿ ಜಪಾನ್ ಕಂಪನಿಗಳ ಸಹಯೋಗದ 100 ಸಿಸಿ ಬೈಕುಗಳು ಬಂದಿದ್ದವು. ಹಗುರ, ಹೆಚ್ಚು ಮೈಲೇಜ್. ಟೂ ಸ್ಟ್ರೋಕ್ ಇಂಜಿನ್‌ನಲ್ಲಿ ಸ್ವಲ್ಪ ಪೆಟ್ರೋಲ್ ಉರಿಯದೆಯೇ ಹೊಗೆಯೊಂದಿಗೆ ಹೊರಹೋಗುತ್ತದೆ. ಜೇಬಿಗೂ ನಷ್ಟ, ಉಸಿರಾಡುವ ಗಾಳಿಗೂ ಕೆಡುಕು. ಹೊಗೆ ನಿಯಮಗಳೂ ಬಿಗಿಯಾದವು. 1932ರಲ್ಲಿ ಜನರ ಜೇಬು ನೋಡಿ ಚಿಕ್ಕ ಬೈಕು ಮಾಡಿದ್ದಕ್ಕೆ ಯಾನೆಚೆಕ್ ಗೆದ್ದಿದ್ದರು. ಮೈಸೂರಿನಲ್ಲಿ ಅದೇ ಲೆಕ್ಕ ಬೇರೆಯವರ ಪರವಾಗಿ ಕೆಲಸ ಮಾಡಿತು.

ಮುಂದಿನ ಸಲ ಹಳೆಯ ಜಾವಾದ ಫೋಟೋ ಜೊತೆ ದ್ವೀಪದ ಕಥೆ ನಿಮ್ಮ ಗ್ರೂಪಿಗೆ ಬಂದರೆ, ಫಾರ್ವರ್ಡ್ ಮಾಡುವ ಮೊದಲು ಯಾನೆಚೆಕ್ ಮತ್ತು ವಾಂಡರರ್ ಎಂಬ ಎರಡು ಹೆಸರುಗಳನ್ನು ನೆನಪಿಸಿಕೊಳ್ಳಿ. ಮನೆಯಲ್ಲಿ ಹಳೆಯ ಗಾಡಿ ಇಟ್ಟುಕೊಂಡವರಿಗೆ ಆಯಿಲ್ ಅಳತೆಯ ವಿಷಯವನ್ನೂ ತಿಳಿಸಿ.