ಮನೆಗೆ ಹೋದ ರೋಗಿ ಏನಾದ? ಈ ಪ್ರಶ್ನೆ ಕೇಳಿ ಎಲ್ಲರಿಗೂ ಬೇಡವಾದ ಡಾಕ್ಟರ್

ನಿಮ್ಮ ಮನೆಯಲ್ಲಿ ಯಾರಿಗಾದ್ರೂ ಮಂಡಿ ಚಿಪ್ಪು ಬದಲಾಯಿಸಿದ್ದಾರಾ? ಸ್ಟೆಂಟ್ ಹಾಕಿದ್ದಾರಾ? ಹಾಗಿದ್ರೆ ಅದರ ಬ್ಯಾಚ್ ನಂಬರ್ ಎಲ್ಲಿದೆ ಅಂತ ಒಮ್ಮೆ ಹುಡುಕಿ. ಆ ನಂಬರ್ ಯಾಕೆ ಮುಖ್ಯ ಅಂತ ತಿಳಿಯಲು ನೂರು ವರ್ಷ ಹಿಂದಿನ ಒಬ್ಬ ಡಾಕ್ಟರ್ ಕಥೆ ಕೇಳಬೇಕು.

ಅರ್ನೆಸ್ಟ್ ಕಾಡ್‌ಮನ್ ಹುಟ್ಟಿದ್ದು 1869ರಲ್ಲಿ, ಅಮೆರಿಕದ ಬಾಸ್ಟನ್‌ನಲ್ಲಿ. ಹಾರ್ವರ್ಡ್‌ನಲ್ಲಿ ಓದುವಾಗಲೇ ಗೆಳೆಯ ಹಾರ್ವಿ ಕುಶಿಂಗ್ ಜೊತೆ ಸೇರಿ, ಅರಿವಳಿಕೆ ಕೊಟ್ಟ ರೋಗಿಯ ನಾಡಿಬಡಿತವನ್ನು ಚಾರ್ಟಿನಲ್ಲಿ ದಾಖಲಿಸತೊಡಗಿದ್ದ. ಬರೆದಿಡದಿದ್ದರೆ ತಪ್ಪು ಗೊತ್ತಾಗೋದಿಲ್ಲ ಎಂಬುದು ಅವನ ನಂಬಿಕೆ.

ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಸರ್ಜನ್ ಆದ ಮೇಲೂ ಅದೇ ಹಟ. ಪ್ರತಿ ರೋಗಿಗೂ ಒಂದು ಕಾರ್ಡು. ಆಪರೇಷನ್ ಆಗಿ ಒಂದು ವರ್ಷದ ನಂತರ ಹುಡುಕಿ ವಿಚಾರಿಸಬೇಕು. ಗುಣವಾಗದಿದ್ದರೆ ಯಾಕೆ? ಡಾಕ್ಟರ ತಪ್ಪಾ, ಉಪಕರಣದ ಕೊರತೆಯಾ, ರೋಗವೇ ಅಂಥದ್ದಾ? ಆ ಲೆಕ್ಕ ಜನರ ಮುಂದಿಡಬೇಕು.

ಇದು ಯಾರಿಗೆ ಹಿಡಿಸುತ್ತೆ? ಫಲಿತಾಂಶ ನೋಡದೆ ಸೀನಿಯಾರಿಟಿ ಮೇಲೆ ಬಡ್ತಿ ಕೊಡುವುದನ್ನು ವಿರೋಧಿಸಿ 1914ರಲ್ಲಿ ಆತ ರಾಜೀನಾಮೆ ಕೊಟ್ಟ. ಅಷ್ಟರಲ್ಲಾಗಲೇ ತನ್ನದೇ ಪುಟ್ಟ ಆಸ್ಪತ್ರೆ ತೆರೆದಿದ್ದ. 1911ರಿಂದ 1916ರವರೆಗೆ ಅಲ್ಲಿಂದ ಬಿಡುಗಡೆಯಾದವರು 337 ಮಂದಿ. ಅದರಲ್ಲಿ 123 ತಪ್ಪುಗಳನ್ನು ಸ್ವತಃ ಪಟ್ಟಿ ಮಾಡಿ, ಕೈಯಿಂದ ದುಡ್ಡು ಹಾಕಿ ಅಚ್ಚು ಹಾಕಿಸಿದ! 1915ರಲ್ಲಿ ತುಂಬಿದ ಸಭೆಯಲ್ಲಿ ಊರಿನ ವೈದ್ಯಲೋಕವನ್ನೇ ಗೇಲಿ ಮಾಡುವ ವ್ಯಂಗ್ಯಚಿತ್ರ ಬಿಚ್ಚಿಟ್ಟ. ಹುದ್ದೆಗಳು ಹೋದವು, ಆದಾಯವೂ ಕುಸಿಯಿತು, ಆಸ್ಪತ್ರೆಗೆ ಬೀಗ ಬಿತ್ತು.

ಆದರೂ ಬಿಡಲಿಲ್ಲ. 1920ರ ಹೊತ್ತಿಗೆ ಮೂಳೆ ಕ್ಯಾನ್ಸರಿನ ಪ್ರಕರಣಗಳನ್ನು ದೇಶದ ಎಲ್ಲೆಡೆಯಿಂದ ಒಂದೇ ಕಡೆ ದಾಖಲಿಸುವ ರಿಜಿಸ್ಟ್ರಿ ಶುರುಮಾಡಿದ. 1940ರಲ್ಲಿ ತೀರಿಕೊಂಡಾಗ ಸಮಾಧಿಗೆ ಹೆಸರಿನ ಕಲ್ಲೂ ಇರಲಿಲ್ಲ. ಸರ್ಜನ್‌ಗಳು ಅದನ್ನು ನೆಡಿಸಿದ್ದು 2014ರಲ್ಲಿ.

1975ರಲ್ಲಿ ಸ್ವೀಡನ್ ಕೃತಕ ಮಂಡಿ ಹಾಕಿಸಿಕೊಂಡವರ ರಿಜಿಸ್ಟರ್ ತೆರೆದಾಗ ಕೇಳಿದ್ದೂ ಇದೇ ಪ್ರಶ್ನೆ: ಯಾರಿಗೆ ಯಾವುದು ಹಾಕಿದ್ವಿ, ಆಮೇಲೆ ಏನಾಯ್ತು?

ನಮ್ಮಲ್ಲಿ? 2010ರಲ್ಲಿ ಸೊಂಟದ ಒಂದು ಕೃತಕ ಕೀಲನ್ನು ಜಗತ್ತಿನಾದ್ಯಂತ ವಾಪಸ್ ಪಡೆದರು. ಭಾರತದಲ್ಲಿ ಅದನ್ನು ಹಾಕಿದ್ದ ಆಪರೇಷನ್‌ಗಳು ಸುಮಾರು 4,700. ಪತ್ತೆಯಾದ ರೋಗಿಗಳು ಸಾವಿರ ಚಿಲ್ಲರೆ ಅಷ್ಟೇ. ಮಿಕ್ಕವರಿಗೆ ಹೇಳೋಣವೆಂದರೆ ವಿಳಾಸವೇ ಇಲ್ಲ! ಸಾಧನಗಳಿಂದಾಗುವ ತೊಂದರೆ ದಾಖಲಿಸುವ ರಾಷ್ಟ್ರೀಯ ಕಾರ್ಯಕ್ರಮ ಬಂದಿದ್ದು 2015ರಲ್ಲಿ.

ಕಾರು ಕೆಟ್ಟರೆ ಚಾಸಿ ನಂಬರ್ ಹಿಡಿದು ಮಾಲೀಕನನ್ನು ಹುಡುಕ್ತಾರೆ. ಮೈಯೊಳಗೆ ಕೂತ ಲೋಹಕ್ಕೆ ಅಷ್ಟು ಲೆಕ್ಕವೂ ಬೇಡವಾ? ಡಿಸ್ಚಾರ್ಜ್ ದಿನ ಬಿಲ್ ಜೊತೆ ಆ ಸ್ಟಿಕ್ಕರನ್ನೂ ಕೇಳಿ ಪಡೆಯಿರಿ.